ಐದು ನಿಮಿಷ ಹತ್ತು ಸೆಕೆಂಡಿನ ಹೊಳೆ

ಸಿನಿಮಾದವರನ್ನು ನಾಟಕಕ್ಕೆ ಕರೆದರೆ ಆಗುವ ಮೊದಲ ಅನಾಹುತವೆಂದರೆ, ಅವರು ಎಲ್ಲಕ್ಕೂ ಒಂದು ಅಳತೆ ಇದೆ ಅಂದುಕೊಂಡು ಬರುತ್ತಾರೆ. ಸಿನಿಮಾದಲ್ಲಿ ಒಮ್ಮೆ ಹಾಡು ಮುದ್ರಣವಾಯಿತೆಂದರೆ ಮುಗಿಯಿತು, ಬ್ರಹ್ಮನೇ ಇಳಿದು ಬಂದರೂ ಅದರ ಉದ್ದ ಕೂದಲೆಳೆಯಷ್ಟು ಬದಲಾಗುವುದಿಲ್ಲ. ನಾಟಕದಲ್ಲಿ ಹಾಗಲ್ಲ. ಹಾಡುವವರಿಗೆ ನಿನ್ನೆ ನೆಗಡಿ, ಇವತ್ತು ಖುಷಿ, ನಾಳೆ ಸೊಸೆಯ ಜೊತೆ ಜಗಳ. ಎಲ್ಲವೂ ಹೋಗಿ ಹಾಡಿನ ಉದ್ದಕ್ಕೆ ಸೇರುತ್ತದೆ. ಇಷ್ಟು ಸಣ್ಣ ವಿಷಯ ತಲೆಗೆ ಹೋಗದೆ ಪಾದರಸ ಕೆಟ್ಟಳು.

ಪಾದರಸ ಎಂಬುದು ಅವಳಿಗೆ ಅಣ್ಣ ಇಟ್ಟ ಹೆಸರು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಎದುರಿಗಿದ್ದವರು ಅರ್ಧ ಮಾತಾಡುವಷ್ಟರಲ್ಲಿ ಉಳಿದರ್ಧವನ್ನು ಇವಳೇ ಮುಗಿಸುತ್ತಾಳೆ, ಅದೂ ತಪ್ಪಾಗಿ. ನಲವತ್ತೆರಡು ವರ್ಷವಾಯಿತು, ಇನ್ನೂ ಬಿಸಿ ಕಾಫಿ ಆರುವವರೆಗೆ ಕಾಯದೆ ನಾಲಿಗೆ ಸುಟ್ಟುಕೊಳ್ಳುತ್ತಾಳೆ. ಹದಿನೇಳು ವರ್ಷ ಸಿನಿಮಾಗಳ ಸಂಕಲನ ಮಾಡಿದವಳು ಈಗ ಅಣ್ಣನ ಜೊತೆ ಸೇರಿ ಸಂಗೀತ ನಾಟಕಗಳಿಗೆ ಚಿತ್ರ ಮಾಡುತ್ತಾಳೆ. ರಂಗದ ಹಿಂದೆ ದೊಡ್ಡ ಪರದೆ ಕಟ್ಟಿ, ಪ್ರೊಜೆಕ್ಟರಿನಿಂದ ಅದರ ಮೇಲೆ ಬಿಡುವ ಓಡಾಡುವ ಚಿತ್ರಗಳು: ಊರು, ಕಾಡು, ಬೆಂಕಿ, ಹೊಳೆ. ಅಣ್ಣ ಕ್ಯಾಮೆರಾ ಹಿಡಿಯುತ್ತಾನೆ, ತಂಗಿ ಕತ್ತರಿಸಿ ಜೋಡಿಸುತ್ತಾಳೆ.

ಈ ಸಲದ ನಾಟಕ ಒಬ್ಬ ಮುದುಕಿ ಅಂಬಿಗಿತ್ತಿಯದು. ಐವತ್ತು ವರ್ಷ ದೋಣಿ ನಡೆಸಿದವಳು. ಹೊಳೆಗೆ ಸೇತುವೆ ಬಂದು, ದೋಣಿ ಹತ್ತುವವರೇ ಇಲ್ಲದಂತಾಗಿ, ಕೊನೆಯ ಸಲ ಒಬ್ಬಳೇ ಹೊಳೆ ದಾಟುತ್ತಾಳೆ. ಆ ದಾಟುವ ಹಾಡೇ ನಾಟಕದ ಜೀವ. ಹಾಡು ನಡೆಯುವಾಗ ರಂಗದ ಮೇಲೆ ಬೇರೆ ದೀಪವಿಲ್ಲ. ಮೇಲಿನ ಪ್ರೊಜೆಕ್ಟರಿನಿಂದ ಬಿದ್ದ ಹೊಳೆ ಪರದೆಯ ಮೇಲೂ ಹರಿಯುತ್ತದೆ, ಹುಟ್ಟು ಹಿಡಿದು ನಿಂತ ಮುದುಕಿಯ ಮೈಮೇಲೂ ಹರಿಯುತ್ತದೆ. ಆಚೆ ದಡ ನಿಧಾನವಾಗಿ ಹತ್ತಿರ ಬರುತ್ತದೆ. ಕೊನೆಯ ಮಾತಿಗೆ ದೋಣಿ ದಡ ಮುಟ್ಟಬೇಕು, ಕತ್ತಲಾಗಬೇಕು.

ಆ ಮುದುಕಿಯಾಗಿ ಹಾಡುತ್ತಿದ್ದವಳು ಬೇರೆ ಯಾರೂ ಅಲ್ಲ, ಇವರಿಬ್ಬರ ಅಮ್ಮ. ಇಪ್ಪತ್ತು ವರ್ಷದ ಹಿಂದೆ ಇದೇ ನಾಟಕದಲ್ಲಿ ಇದೇ ಹಾಡು ಹಾಡಿ ಹೆಸರಾದವಳು. ಆಗ ಕೂದಲಿಗೆ ಬಿಳಿ ಬಳಿದು ಮುದುಕಿ ಮಾಡಬೇಕಿತ್ತು. ಈಗ ಅರವತ್ತೆಂಟು, ಬಳಿಯುವ ಕೆಲಸ ತಪ್ಪಿತು ಎಂದು ಅಮ್ಮನೇ ನಗುತ್ತಿದ್ದಳು.

ಮೊದಲ ಪ್ರದರ್ಶನಕ್ಕೆ ಹನ್ನೊಂದು ದಿನವಿರುವಾಗ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಹಾಡೂ ಚಿತ್ರವೂ ಮೊದಲ ಸಲ ಒಂದೇ ರಂಗದ ಮೇಲೆ ಸೇರಿದವು. ಹೊಳೆ ಹರಿಯಿತು. ಎಂಥ ಹೊಳೆ! ಬಡಗಿಗಳು ಸುತ್ತಿಗೆ ಕೆಳಗಿಟ್ಟು ನೋಡಿದರು. ದಡ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ದೋಣಿಯ ಮೂತಿ ಮರಳಿಗೆ ತಾಗಿತು, ಕತ್ತಲಾಯಿತು. ಅಮ್ಮ ಮಾತ್ರ ಇನ್ನೂ ನಡು ಹೊಳೆಯಲ್ಲಿದ್ದಳು. ಕಗ್ಗತ್ತಲಲ್ಲಿ ಅವಳ ದನಿಯೊಂದೇ ಕೇಳುತ್ತಿತ್ತು, ಒಂದು ಇಡೀ ನುಡಿ ಬಾಕಿ ಇತ್ತು.

"ನಿಲ್ಸಿ, ನಿಲ್ಸಿ," ಎಂದು ನಿರ್ದೇಶಕರು ಕೂಗಿದರು. ದೀಪ ಹತ್ತಿತು. "ಅಮ್ಮಾ, ಐವತ್ತು ಸೆಕೆಂಡ್ ಹಿಂದೆ ಬಿದ್ರಲ್ಲ. ಉಸಿರು ಸಾಲ್ತಿಲ್ವಾ?"

ಅಮ್ಮ ಹುಟ್ಟನ್ನು ಎದೆಗೆ ಒರಗಿಸಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. "ಹೌದಾ? ನನಗೆ ಗೊತ್ತೇ ಆಗ್ಲಿಲ್ಲಪ್ಪಾ. ತಪ್ಪಾಯ್ತು, ಇನ್ನೊಂದ್ಸಲ ನೋಡೋಣ."

ತಪ್ಪು ಅವಳದಾಗಿರಲಿಲ್ಲ. ಯಾರದೆಂದು ಆ ಇಡೀ ಸಭಾಂಗಣದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ನಡೆದದ್ದು ಇಷ್ಟು. ನಾಲ್ಕು ತಿಂಗಳ ಹಿಂದೆ ನಿರ್ದೇಶಕರು ಒಂದು ಹೊಸ ಧ್ವನಿಮುದ್ರಣ ಕಳಿಸಿ, "ಅಮ್ಮ ಈಗ ಹಾಡಿರೋದು ಇದು, ಚಿತ್ರ ಇದರ ಅಳತೆಗೆ ಮಾಡಿ" ಅಂದಿದ್ದರು. ಪಾದರಸ ಅದನ್ನು ತೆರೆದೇ ನೋಡಲಿಲ್ಲ. ಅಮ್ಮನ ಹಾಡು ನನಗೆ ಗೊತ್ತಿಲ್ಲವೇ, ಕೇಳಿ ಕೇಳಿ ಕಿವಿ ತೂತಾಗಿದೆ ಎಂದುಕೊಂಡು, ತನ್ನ ಬಳಿ ಇದ್ದ ಇಪ್ಪತ್ತು ವರ್ಷದ ಹಿಂದಿನ ಮುದ್ರಣವನ್ನೇ ಎತ್ತಿಕೊಂಡಳು. ಐದು ನಿಮಿಷ ಹತ್ತು ಸೆಕೆಂಡು. ಅದನ್ನು ದೋಣಿಯಲ್ಲಿ ಗಟ್ಟಿಯಾಗಿ ಹಾಕಿ, ಅಂಬಿಗನಿಗೆ ಹಾಡಿನ ಲಯಕ್ಕೇ ಹುಟ್ಟು ಹಾಕಲು ಹೇಳಿ, ಅಣ್ಣ ತಂಗಿ ಹನ್ನೊಂದು ಬೆಳಗು ಹೊಳೆಯಲ್ಲಿ ಕಳೆದರು. ಹತ್ತು ಬೆಳಗು ಹಾಳಾದವು. ಒಮ್ಮೆ ದೋಣಿ ಅಡ್ಡ ತಿರುಗಿತು, ಒಮ್ಮೆ ಎಮ್ಮೆಗಳು ಬಂದವು, ಒಮ್ಮೆ ದೋಣಿ ನಡುವೆ ಸುಮ್ಮನೆ ನಿಂತುಬಿಟ್ಟಿತು. ಹನ್ನೊಂದನೆಯ ಬೆಳಿಗ್ಗೆ ಕೊನೆಯ ಪದಕ್ಕೆ ಸರಿಯಾಗಿ ದೋಣಿ ದಡ ಮುಟ್ಟಿತು. ಮೊದಲಿಂದ ಕೊನೆಯವರೆಗೆ ಒಂದೇ ಶಾಟ್, ನಡುವೆ ಒಂದು ಕತ್ತರಿ ಇಲ್ಲ. ಅಣ್ಣ ಕ್ಯಾಮೆರಾ ಕೆಳಗಿಟ್ಟು ಅತ್ತುಬಿಟ್ಟಿದ್ದ. ಆ ಚಿತ್ರದ ತುಣುಕು ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಊರ ತುಂಬ ಅಂಟಿಸಿದ ಪೋಸ್ಟರಿನಲ್ಲಿ ಅಮ್ಮನ ಮುಖಕ್ಕಿಂತ ಹೊಳೆಯೇ ದೊಡ್ಡದಾಗಿತ್ತು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅಣ್ಣ ಅವಳನ್ನು ಓಣಿಗೆ ಎಳೆದುಕೊಂಡು ಹೋದ.

"ನೀನು ಹೊಸದನ್ನ ಕೇಳಿರ್ಲಿಲ್ವಾ?"

"ಇಲ್ಲ."

"ಒಂದ್ಸಲನೂ?"

"ಆರು ನಿಮಿಷ ಅಣ್ಣ. ಆರು ನಿಮಿಷ ಸುಮ್ನೆ ಕೂತು ಕೇಳೋಷ್ಟು..."

ಅಣ್ಣ ಹಣೆ ಚಚ್ಚಿಕೊಂಡ. ಚಿತ್ರವನ್ನು ನಿಧಾನ ಮಾಡಿ ನೋಡಿದರು; ನೀರು ಎಣ್ಣೆ ಸುರಿದ ಹಾಗೆ ಜಿಡ್ಡುಜಿಡ್ಡಾಗಿ ಕಂಡಿತು. ಅದೂ ಅಲ್ಲದೆ ಅಮ್ಮನ ಹಾಡು ಇವತ್ತು ಆರು ನಿಮಿಷವಾದರೆ ನಾಳೆ ಆರೂ ಕಾಲು. ಎಷ್ಟೆಂದು ಎಳೆಯುವುದು? "ಈಗ ಬಾಯಿ ಬಿಡ್ಬೇಡ," ಎಂದ ಅಣ್ಣ ಕೊನೆಗೆ. "ಅಮ್ಮನಿಗೆ ಎರಡು ದಿನ ಅಭ್ಯಾಸ ಆದ್ರೆ ತಾನೇ ಸರಿಹೋಗುತ್ತೆ. ಐವತ್ತು ಸೆಕೆಂಡು ಏನ್ ಮಹಾ? ಇಂಥ ಶಾಟ್ ಜನ್ಮಕ್ಕೊಂದ್ಸಲ ಸಿಗೋದು ಕಣೇ."

ಪಾದರಸ ಬಾಯಿ ಬಿಡಲಿಲ್ಲ. ಮೊದಲೇ ನಿಲ್ಲದ ಕಾಲು ಅವತ್ತಿನಿಂದ ಪೂರಾ ಹಿಡಿತ ತಪ್ಪಿತು. ತಾಲೀಮಿನ ಹೊತ್ತಿನಲ್ಲಿ ಸಭಾಂಗಣದ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ, ಮುಂದಿನಿಂದ ಹಿಂದಕ್ಕೆ ನಡೆದೇ ನಡೆದಳು. ಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಹಾಸಿದ ಹಾಸಿಗೆ ಕೊಡವಿ ಮತ್ತೆ ಹಾಸಿದಳು. ಅಮ್ಮ ಇದ್ದದ್ದು ಇವಳ ಜೊತೆಯಲ್ಲೇ. ಅಣ್ಣ, ಅತ್ತಿಗೆ ಮೇಲಿನ ಮಹಡಿಯಲ್ಲಿ. ತಪ್ಪಿಸಿಕೊಂಡು ಹೋಗೋಣವೆಂದರೆ ಮನೆ ಇರುವುದೇ ಮೂರು ಕೋಣೆ.

ಮೂರನೆಯ ದಿನ ಬೆಳಿಗ್ಗೆ ಅಡಿಗೆಮನೆಗೆ ಬಂದರೆ ಅಮ್ಮ ಡಬ್ಬಿಗೆ ಫೋನು ಒರಗಿಸಿ ಇಟ್ಟಿದ್ದಾಳೆ. ಅದರಲ್ಲಿ ಸೆಕೆಂಡುಗಳು ಓಡುತ್ತಿವೆ. ಅಮ್ಮ ಬೀನ್ಸಿನ ನಾರು ತೆಗೆಯುತ್ತಾ, ಫೋನಿನ ಮೇಲೇ ಕಣ್ಣಿಟ್ಟು, ಏದುಸಿರು ಬಿಡುತ್ತಾ ಹಾಡುತ್ತಿದ್ದಾಳೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಳ್ಳದೆ ನುಂಗಿ, ಮುಂದಿನ ಸಾಲಿಗೆ ಹಾರುತ್ತಿದ್ದಾಳೆ. ಹಾಡು ಮುಗಿಸಿ ಪಕ್ಕೆ ಒತ್ತಿಹಿಡಿದು ನಿಂತಳು.

"ಐದು ಮೂವತ್ತೈದು," ಎಂದಳು. ಪರೀಕ್ಷೆಯ ಅಂಕ ತೋರಿಸುವ ಮಗುವಿನ ಮುಖ. "ನಿನ್ನೆಗಿಂತ ಹತ್ತು ಕಮ್ಮಿ ಮಾಡಿದೀನಿ ನೋಡು. ಇನ್ನು ಇಪ್ಪತ್ತೈದೇ ಬಾಕಿ."

"ಅಮ್ಮ, ಇಷ್ಟೊಂದು ಯಾಕೆ ಕಷ್ಟಪಡ್ತಿದೀಯ..."

"ಪಡ್ಬೇಕಲ್ವೇನೇ? ನೀವಿಬ್ರೂ ಎಷ್ಟು ಒದ್ದಾಡಿ ತೆಗೆದಿದೀರಿ. ನನ್ನಿಂದ ಅದು ಹಾಳಾಗ್ಬಾರ್ದು." ಅಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು. "ವಯಸ್ಸಾಯ್ತು ಕಣೇ ಪುಟ್ಟಿ. ಬೇಜಾರು ಅದಲ್ಲ. ನನಗೆ ಗೊತ್ತೇ ಆಗ್ಲಿಲ್ವಲ್ಲ, ಅದು. ಸರಿಯಾಗೇ ಹಾಡ್ತಿದೀನಿ ಅಂದ್ಕೊಂಡು ಕೂತಿದ್ದೆ."

ಈಗ ಹೇಳಿಬಿಡಬೇಕು, ಇದೇ ಹೊತ್ತು, ಎಂದು ಪಾದರಸಳ ಗಂಟಲವರೆಗೆ ಬಂತು. ಬಂದದ್ದನ್ನು ನುಂಗಿ, "ಬಸ್ಸಿಗೆ ತಡವಾಯ್ತು" ಎಂದು ಚಪ್ಪಲಿ ಮೆಟ್ಟಿ ಹೊರಟಳು. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ನಿಲ್ದಾಣದಲ್ಲಿ ನಿಲ್ಲಲಾರದೆ ನಡೆದೇ ಹೋದಳು, ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಅಮ್ಮ ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ಐದನೆಯ ದಿನಕ್ಕೆ ಹಾಡನ್ನು ಐದೂ ಇಪ್ಪತ್ತಕ್ಕೆ ತಂದಳು. ಆದರೆ ಅದು ಹಾಡಾಗಿ ಉಳಿದಿರಲಿಲ್ಲ. ವಾದ್ಯದವರನ್ನು ನಡೆಸುತ್ತಿದ್ದ ಪಿಟೀಲು ಮೇಷ್ಟ್ರು ಕಮಾನು ಕೆಳಗಿಟ್ಟು, "ಅಮ್ಮಾ, ನಿಮ್ಮನ್ನ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?" ಎಂದು ಕೇಳಿದರು.

"ಹೂಂ ಮೇಷ್ಟ್ರೇ," ಎಂದಳು ಅಮ್ಮ. "ಆ ದಡ ಅಟ್ಟಿಸ್ಕೊಂಡು ಬರ್ತಿದೆ."

ಎಲ್ಲರೂ ನಕ್ಕರು. ನಿರ್ದೇಶಕರು ನಗಲಿಲ್ಲ. ಅವರು ಕೆಟ್ಟವರಲ್ಲ, ಆದರೆ ಅವರ ತಲೆಯ ಮೇಲೂ ನಾಟಕವೊಂದು ಕೂತಿತ್ತು. ಏಳನೆಯ ದಿನ ಬದಲಿ ಗಾಯಕಿಯನ್ನು ಕರೆದು, ಸುಮ್ಮನೆ ಒಮ್ಮೆ ನೋಡೋಣ ಎಂದು, ಅದೇ ಹಾಡು ಹಾಡಿಸಿದರು. ಆಕೆಗೆ ಮೂವತ್ತು ದಾಟಿಲ್ಲ. ತಂಡದವರು ಗಡಿಯಾರ ಎಂದು ಕರೆಯುತ್ತಿದ್ದರು, ಅಷ್ಟು ಕರಾರುವಾಕ್ಕು. ಗಡಿಯಾರ ಹಾಡಿದಳು, ಕೊನೆಯ ಪದಕ್ಕೆ ದೋಣಿ ದಡ ಮುಟ್ಟಿತು. ಐದು ನಿಮಿಷ ಹತ್ತು ಸೆಕೆಂಡು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೊದಲು ಚಪ್ಪಾಳೆ ತಟ್ಟಿದವಳು ಅಮ್ಮ. ಗಡಿಯಾರ ಓಡಿಬಂದು ಅವಳ ಕೈ ಹಿಡಿದು, "ಅಳತೆ ಸರಿಹೋಯ್ತು ಅಷ್ಟೇ ಅಮ್ಮಾ, ನಿಮ್ಮ ಥರ ಬರಲ್ಲ" ಎಂದಾಗ ಅಮ್ಮ ಅವಳ ಕೆನ್ನೆ ತಟ್ಟಿ ಕಳಿಸಿದಳು.

ಮಾರನೆಯ ಬೆಳಿಗ್ಗೆ, ಇನ್ನು ನಾಲ್ಕೇ ದಿನ ಬಾಕಿ ಇರುವಾಗ, ಪಾದರಸ ಪರದೆಯ ಹಿಂದೆ ಹಗ್ಗ ಬಿಗಿ ಮಾಡಿಸುತ್ತಿದ್ದಳು. ಈಚೆ ಕಡೆ ಅಮ್ಮ ನಿರ್ದೇಶಕರ ಜೊತೆ ಮಾತಾಡುವುದು ಕೇಳಿತು. "ಆ ಹುಡುಗಿಗೇ ಕೊಟ್ಬಿಡಿ. ನಾಲ್ಕು ಜನ ಅಯ್ಯೋ ಪಾಪ ಅನ್ನೋ ಮುಂಚೆ ಮರ್ಯಾದೆಯಿಂದ ಇಳಿಯೋದು ಒಳ್ಳೇದು. ಮಕ್ಕಳಿಗೆ ನಾನೇ ಹೇಳ್ತೀನಿ." ನಿರ್ದೇಶಕರು ಬೇಡವೆನ್ನಲಿಲ್ಲ. "ಇವತ್ತೊಂದು ದಿನ ಯೋಚ್ನೆ ಮಾಡಿ ಅಮ್ಮಾ" ಎಂದರು, ಅಷ್ಟೇ.

ಪಾದರಸ ಹಗ್ಗ ಬಿಟ್ಟು ಸೀದಾ ಉಡುಪಿನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡು ಒಂದು ಪೆಟ್ಟಿಗೆಯ ಮೇಲೆ ಕೂತಳು. ಫೋನಿನಲ್ಲಿ ನಾಲ್ಕು ತಿಂಗಳಿಂದ ತೆರೆಯದೆ ಬಿದ್ದಿದ್ದ ಆ ಮುದ್ರಣವನ್ನು ಹುಡುಕಿ ತೆಗೆದು ಕಿವಿಗೆ ಹಿಡಿದಳು.

ಮೊದಲ ನುಡಿಗೇ ಅವಳಿಗೆ ನಾಚಿಕೆಯಾಯಿತು. ಹಳೆಯದರಲ್ಲಿ ಒಂದೇ ಉಸಿರಿಗೆ ಹಾಡಿದ ಸಾಲನ್ನು ಅಮ್ಮ ಇಲ್ಲಿ ಎರಡು ಉಸಿರಿಗೆ ಹಾಡಿದ್ದಳು. ಆದರೆ ಆ ನಡುವಿನ ನಿಲುಗಡೆಯಲ್ಲಿ ದೋಣಿ ನಿಂತಿರಲಿಲ್ಲ, ಮುದುಕಿ ಹಿಂದೆ ತಿರುಗಿ ಬಿಟ್ಟ ದಡವನ್ನು ನೋಡುತ್ತಿದ್ದಳು. ಹಳೆಯ ಹಾಡು ನಲವತ್ತೆಂಟರ ಗಟ್ಟಿಗಿತ್ತಿಯೊಬ್ಬಳು ಮುದುಕಿಯ ವೇಷ ಹಾಕಿ ಹಾಡಿದ್ದು. ಇದು ಮುದುಕಿಯೇ ಹಾಡಿದ್ದು. ಆಚೆ ದಡ ಮುಟ್ಟಲು ಯಾವ ಮುದುಕಿಗೆ ಅವಸರವಿರುತ್ತದೆ?

*ಈ ದಡದ ಮಾತು ಈ ದಡಕೇ ಬಿಟ್ಟೆ,*
*ಆ ದಡಕೆ ಬರಿಗೈಲಿ ಬಂದೆ, ನೋಡು.*

ಆರು ನಿಮಿಷ ನಾಲ್ಕು ಸೆಕೆಂಡು ಪಾದರಸ ಅಲ್ಲಾಡದೆ ಕೂತಿದ್ದಳು. ಮುಗಿದ ಮೇಲೆ ಮುಖ ಒರೆಸಿಕೊಂಡು ಎದ್ದು ರಂಗಕ್ಕೆ ಬಂದಳು. ಎಲ್ಲರೂ ಇದ್ದರು: ನಿರ್ದೇಶಕರು, ಪಿಟೀಲು ಮೇಷ್ಟ್ರು, ಗಡಿಯಾರ, ಏಣಿಯ ಮೇಲೆ ಅಣ್ಣ, ಮೂಲೆಯ ಕುರ್ಚಿಯಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡ ಅಮ್ಮ.

"ತಪ್ಪು ನಂದು," ಎಂದಳು. "ನೀವು ಕಳಿಸಿದ ಹಾಡು ನಾನು ಕೇಳೇ ಇಲ್ಲ. ಹೊಳೆ ಇಪ್ಪತ್ತು ವರ್ಷದ ಹಿಂದಿನ ಹಾಡಿಗೆ ತೆಗೆದಿದ್ದು. ಅಮ್ಮ ಹಿಂದೆ ಬಿದ್ದಿಲ್ಲ. ಮೊದಲ ದಿನದಿಂದ ಸರಿಯಾಗೇ ಹಾಡ್ತಿದ್ದಾಳೆ."

ಏಣಿಯ ಮೇಲಿಂದ ಅಣ್ಣನ ಕೈಯ ಸ್ಪ್ಯಾನರ್ ಕೆಳಗೆ ಬಿತ್ತು. ನಿರ್ದೇಶಕರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ ಎದ್ದು ನಿಂತದ್ದು ನೋಡಿ ಸುಮ್ಮನಾದರು.

"ಸರಿಯಾಗೇ ಹಾಡ್ತಿದ್ನಾ?"

"ಹೂಂ ಅಮ್ಮ."

"ನಿನಗೆ ಮೊದಲ ದಿನವೇ ಗೊತ್ತಿತ್ತಾ?"

"ಹೂಂ."

"ಅಡಿಗೆಮನೇಲಿ ನಾನು ಫೋನ್ ಇಟ್ಕೊಂಡು ಸಾಯ್ತಿದ್ದಾಗ ನೀನು ಬಾಗಿಲಲ್ಲಿ ನಿಂತು ನೋಡ್ತಿದ್ದೆ, ಅಲ್ವಾ?"

ಅಮ್ಮನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. "ಒಂದು ವಾರದಿಂದ ನಾನು ನನ್ನ ಗಂಟಲನ್ನ ಶಪಿಸಿದೀನಿ ಕಣೇ. ಮುಗೀತು ನನ್ನ ಕತೆ ಅಂತ ದಿಂಬಿಗೆ ಮುಖ ಒತ್ಕೊಂಡು ಅತ್ತಿದೀನಿ. ಪಕ್ಕದ ಕೋಣೇಲಿ ನೀನಿದ್ದೆ." ನಿರ್ದೇಶಕರ ಕಡೆ ತಿರುಗಿದಳು. "ನಾನೇ ಹಾಡ್ತೀನಿ. ಹೊಳೆ ಬರೋದಾದ್ರೆ ನನ್ನ ಹಿಂದೆ ಬರ್ಲಿ, ಇಲ್ದಿದ್ರೆ ಬರೋದೇ ಬೇಡ."

"ಹೊಳೆ ಬಿಡೋಕಾಗಲ್ಲ ಅಮ್ಮಾ, ಊರೆಲ್ಲ ಅದರದೇ ಮಾತು," ಎಂದರು ನಿರ್ದೇಶಕರು. ಪಾದರಸಳ ಕಡೆ ಬೆರಳು ತೋರಿಸಿದರು. "ನಾಲ್ಕು ದಿನ. ನಿಮ್ಮ ಚಿತ್ರ ಅಮ್ಮನ ಜೊತೆ ಸೇರ್ಬೇಕು. ಮೊದಲ ಪ್ರದರ್ಶನದಲ್ಲಿ ಎಡವಟ್ಟಾದ್ರೆ ಎರಡನೇ ದಿನದಿಂದ ಗಡಿಯಾರನೇ ಹಾಡ್ತಾಳೆ. ಆಮೇಲೆ ನನ್ನನ್ನ ಅನ್ಬೇಡಿ."

ಉಪಾಯ ಇದ್ದದ್ದು ಒಂದೇ, ಅದು ಅಣ್ಣನ ಕರುಳು ಕೊಯ್ಯುವ ಉಪಾಯ. ಆ ಒಂದೇ ಶಾಟನ್ನು ಒಂಬತ್ತು ತುಂಡು ಮಾಡಬೇಕು. ಪ್ರತಿ ಎರಡು ತುಂಡಿನ ನಡುವೆ ಬೇರೊಂದು ಚಿತ್ರ ಹೊಲಿಯಬೇಕು. ಅದರಲ್ಲಿ ನೀರು ಹರಿಯುತ್ತಲೇ ಇರುತ್ತದೆ, ದಡ ಮಾತ್ರ ಹತ್ತಿರ ಬರುವುದಿಲ್ಲ. ಅಮ್ಮ ಉಸಿರು ಎಳೆದುಕೊಂಡು ಮುಂದಿನ ಸಾಲು ಎತ್ತಿಕೊಂಡಾಗ ಸಭಾಂಗಣದ ಹಿಂದೆ ಕೂತ ಒಬ್ಬರು ಗುಂಡಿ ಒತ್ತಬೇಕು, ಆಗ ದೋಣಿ ಮುಂದಕ್ಕೆ ಹೋಗಬೇಕು. ಅಣ್ಣ ಒಂದು ಇಡೀ ದಿನ ಮುಖ ಊದಿಸಿಕೊಂಡು ಮೇಲಿನ ಮಹಡಿಯಲ್ಲೇ ಇದ್ದ. ಸಂಜೆಗೆ ತಾನೇ ಇಳಿದು ಬಂದು ಅವಳನ್ನು ಕುರ್ಚಿಯಿಂದ ಎಬ್ಬಿಸಿದ. "ಏಳು. ಕೊಯ್ಯೋದಾದ್ರೆ ನನ್ನ ಕೈಯಾರೆ ಕೊಯ್ತೀನಿ. ನೀನು ಅವಸರಕ್ಕೆ ಕತ್ತು ಹಿಸುಕ್ತೀಯ." ಹಾಳಾದ ಹತ್ತು ಬೆಳಗುಗಳ ಚಿತ್ರ ಅವನ ಬಳಿ ಇತ್ತು. ದೋಣಿ ನಡುಹೊಳೆಯಲ್ಲಿ ಸುಮ್ಮನೆ ನಿಂತುಬಿಟ್ಟ ಆ ದಿನದ್ದೇ ಈಗ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು.

ಗುಂಡಿ ಒತ್ತುವವರು ಯಾರು ಎಂಬ ಮಾತು ಬಂದಾಗ ಪಾದರಸ, "ನಾನು" ಎಂದಳು.

"ಇವಳಾ!" ಎಂದ ಅಣ್ಣ. "ಲಿಫ್ಟ್ ಬರೋವರೆಗೂ ಕಾಯಕ್ಕಾಗ್ದೆ ಮೆಟ್ಟಿಲು ಹತ್ತೋಳು."

ಅವನು ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ತಾಲೀಮಿನಲ್ಲಿ ಮೂರು ಕಡೆ ಮೊದಲೇ ಒತ್ತಿದಳು, ದೋಣಿ ಅಮ್ಮನನ್ನು ಬಿಟ್ಟು ಓಡಿತು. ಎರಡನೆಯದರಲ್ಲಿ ಎರಡು ಕಡೆ, ಕೊನೆಯದರಲ್ಲಿ ಒಂದು ಕಡೆ. ಅಮ್ಮ ಏನೂ ಅನ್ನಲಿಲ್ಲ, ಅವಳು ಇವಳ ಜೊತೆ ಮಾತೇ ಬಿಟ್ಟಿದ್ದಳು. ಅಡಿಗೆಮನೆಯಲ್ಲಿ ಪಕ್ಕದಲ್ಲೇ ಮಗಳು ನಿಂತಿರುವಾಗ ಊಟಕ್ಕೆ ಬಂದ ಮಗನಿಗೆ, "ನಿನ್ನ ತಂಗಿಗೆ ಹೇಳು, ಹಾಲು ಉಕ್ತಿದೆ" ಎನ್ನುತ್ತಿದ್ದಳು. ಪಾದರಸ ಬೈಸಿಕೊಳ್ಳಲು ಹಾತೊರೆದಳು. ಬೈದರೆ ಉತ್ತರ ಕೊಡಬಹುದಿತ್ತು, ಅಳಬಹುದಿತ್ತು. ಅದರ ಬದಲು ಹೊಸ ಮುದ್ರಣವನ್ನು ಕಿವಿಗೆ ಹಾಕಿಕೊಂಡು ಬೀದಿ ಸುತ್ತಿದಳು. ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ಉಸಿರು ಎಳೆಯುವ ಮುಂಚೆ ಅಮ್ಮನ ಬಲ ಭುಜ ಒಂದು ಬೆರಳಷ್ಟು ಮೇಲೇಳುತ್ತದೆ ಎಂಬುದನ್ನು ತಾಲೀಮಿನಲ್ಲಿ ನೋಡಿ ನೋಡಿ ಕಲಿತಳು.

ಮೊದಲ ಪ್ರದರ್ಶನ ಸಂಜೆ ಆರೂವರೆಗೆ. ಸಭಾಂಗಣದಲ್ಲಿ ಒಂದು ಕುರ್ಚಿ ಖಾಲಿ ಇರಲಿಲ್ಲ. ಪಾದರಸ ಎಲ್ಲಕ್ಕೂ ಹಿಂದೆ ತನ್ನ ಮೇಜಿನ ಮುಂದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಅದರಲ್ಲಿ ನಿರ್ದೇಶಕರ ದನಿ. ಪಕ್ಕದಲ್ಲಿ ಅಣ್ಣ. ಊರು ಬಂತು, ಸಂತೆ ಬಂತು, ಸೇತುವೆ ಬಂತು, ಎಲ್ಲ ಸುಸೂತ್ರವಾಗಿ ಹೋಯಿತು. ದೀಪಗಳು ಆರಿದವು. ಹೊಳೆ ಹರಿಯಿತು. ಅಮ್ಮ ಹುಟ್ಟು ಹಿಡಿದು ಬಂದು ನಿಂತಳು.

ಆ ಸಂಜೆ ಅಮ್ಮ ಯಾರ ಮುಲಾಜಿಗೂ ಬೀಳದೆ ಹಾಡಿದಳು. ಎಲ್ಲಿ ನಿಲ್ಲಬೇಕೆನಿಸಿತೋ ಅಲ್ಲಿ ನಿಂತಳು. ಭುಜ ಏಳುತ್ತಿತ್ತು, ದನಿ ಏಳುತ್ತಿತ್ತು, ಪಾದರಸ ಒತ್ತುತ್ತಿದ್ದಳು, ದೋಣಿ ಮುಂದೆ ಹೋಗುತ್ತಿತ್ತು. ಒಂದು, ಎರಡು, ಐದು, ಏಳು. ಎಂಟು ತುಂಡುಗಳು ಒಂದೂ ತಪ್ಪದೆ ಹೋದವು. ಮುಂದಿನ ಸಾಲುಗಳಲ್ಲಿ ಯಾರೋ ಮೂಗೆಳೆಯುವುದು ಕೇಳಿಸುತ್ತಿತ್ತು. ಹಾಡಿನಲ್ಲಿ ಉಳಿದದ್ದು ಎರಡೇ ಸಾಲು, ಒಂದೇ ತುಂಡು.

*ಈ ದಡದ ಮಾತು ಈ ದಡಕೇ ಬಿಟ್ಟೆ...*

ಭುಜ ಎದ್ದಿತು. ದನಿ ಬರಲಿಲ್ಲ. ಭುಜ ಮತ್ತೊಮ್ಮೆ ಎದ್ದಿತು, ಬಾಯಿ ತೆರೆಯಿತು. ಏನೂ ಬರಲಿಲ್ಲ. ಪಿಟೀಲು ಮೇಷ್ಟ್ರು ಒಂದೇ ಸ್ವರವನ್ನು ಹಿಡಿದು ಎಳೆಯತೊಡಗಿದರು. ಪರದೆಯ ಮೇಲೆ ದಡ ಒಂದು ಮಾರು ದೂರದಲ್ಲಿ ನಿಂತಿತ್ತು.

"ಏನಾಯ್ತು, ಮರೆತ್ರಾ?" ಎಂದಿತು ಕಿವಿಯಲ್ಲಿ ನಿರ್ದೇಶಕರ ದನಿ. "ಕೊನೇದು ಒತ್ತಿ. ದಡ ಬರ್ಲಿ, ಕತ್ತಲಾಗ್ಲಿ, ಮುಗಿಸೋಣ. ಯಾರಿಗೂ ಗೊತ್ತಾಗಲ್ಲ. ಒತ್ತಿ!"

ನಿಜವೇ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೋಣಿ ದಡ ಮುಟ್ಟಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮನಿಗೆ ಮಾತ್ರ ಗೊತ್ತಾಗುತ್ತಿತ್ತು, ಅವಳೇ ಇಳಿದುಬಿಡುತ್ತಿದ್ದಳು, ನಾಳೆಯಿಂದ ಗಡಿಯಾರ ಹಾಡುತ್ತಿದ್ದಳು. ಪಾದರಸಳ ಬೆರಳು ಗುಂಡಿಯ ಮೇಲೇ ಇತ್ತು. ಹುಟ್ಟಿದಾಗಿನಿಂದ ಅವಳ ಮೈಯ ಒಂದೊಂದು ನರವೂ ಒತ್ತು, ಒತ್ತು ಎಂದೇ ಬೆಳೆದದ್ದು. ಅವಳು ಆ ಕೈಯನ್ನು ಗುಂಡಿಯಿಂದ ಕಿತ್ತು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟಳು.

"ಒತ್ತಲ್ಲ," ಎಂದಳು. "ಅಮ್ಮ ಇನ್ನೂ ಬಂದಿಲ್ಲ."

"ಹುಚ್ಚು ಹಿಡೀತಾ ನಿಮಗೆ?"

"ಅವಳು ಬರ್ಲಿ. ಆಮೇಲೆ."

ಆಗ ಅಮ್ಮ, ನಲವತ್ತು ವರ್ಷ ರಂಗದ ಮೇಲೆ ಜನಕ್ಕೆ ಬೆನ್ನು ಮಾಡದವಳು, ತಿರುಗಿದಳು. ಹುಟ್ಟು ಊರಿಕೊಂಡು ಪರದೆಯ ಕಡೆ ನೋಡಿದಳು. ಇಷ್ಟು ದಿನ ಬೆನ್ನ ಹಿಂದೆಯೇ ಹರಿದ ಹೊಳೆಯನ್ನು ಅವಳು ರಂಗದ ಮೇಲಿಂದ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಬೆಳಗಿನ ಮಂಜು, ಬೂದು ನೀರು, ಕೈ ಚಾಚಿದರೆ ಸಿಗುವಂತೆ ನಿಂತ ಮರಳಿನ ದಡ. ನೀರು ಅವಳ ಬೆನ್ನ ಮೇಲೂ ಹರಿಯುತ್ತಿತ್ತು. ಅಮ್ಮ ತನಗೆ ಸಾಕೆನಿಸುವಷ್ಟು ಹೊತ್ತು ನೋಡಿದಳು. ಕೆಮ್ಮುವವರೂ ಕೆಮ್ಮಲಿಲ್ಲ. ಅಣ್ಣ ಪಕ್ಕದಲ್ಲಿ ಪಾದರಸಳ ಭುಜ ಹಿಡಿದುಕೊಂಡಿದ್ದ, ಉಗುರು ಚುಚ್ಚುತ್ತಿತ್ತು.

ಬೆನ್ನು ತಿರುಗಿಸಿಕೊಂಡೇ, ಜನಕ್ಕಲ್ಲ, ಆ ದಡಕ್ಕೇ ಹೇಳುವವಳಂತೆ, ಅಮ್ಮ ಸಣ್ಣ ದನಿಯಲ್ಲಿ ಎತ್ತಿಕೊಂಡಳು.

*ಆ ದಡಕೆ ಬರಿಗೈಲಿ ಬಂದೆ, ನೋಡು.*

ಪಾದರಸ ಕೈ ಎಳೆದು ಒತ್ತಿದಳು. ದೋಣಿಯ ಮೂತಿ ಮರಳಿಗೆ ತಾಗಿತು. ಕತ್ತಲಾಯಿತು. ಕತ್ತಲಲ್ಲೇ ಚಪ್ಪಾಳೆ ಬಿತ್ತು. ಕಿವಿಯಲ್ಲಿ ನಿರ್ದೇಶಕರು ಏನೋ ಹೇಳುತ್ತಿದ್ದರು. ಅವಳು ಹೆಡ್‌ಫೋನ್ ಕಿತ್ತಿಟ್ಟು ಓಡಿದಳು.

ಅಮ್ಮ ಬಣ್ಣದ ಕೋಣೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಹುಟ್ಟು ಇನ್ನೂ ಕೈಯಲ್ಲೇ ಇತ್ತು. ಬಾಗಿಲಲ್ಲಿ ನಿಂತ ಮಗಳನ್ನು ನೋಡಿದಳು. ನಾಲ್ಕು ದಿನದ ಮೇಲೆ ಅವಳ ಮುಖ ನೋಡಿ ಮಾತಾಡಿದಳು.

"ಮರೆತಿರ್ಲಿಲ್ಲ ಕಣೇ. ಉಸಿರು ಸಿಗ್ಲಿಲ್ಲ. ಇವತ್ತು ನಿಜವಾಗ್ಲೂ ಸಿಗ್ಲಿಲ್ಲ."

"ಗೊತ್ತಾಯ್ತು."

"ಏನ್ ಮಾಡೋದು ತೋಚದೆ ತಿರುಗ್ದೆ. ಅಬ್ಬಾ, ಎಷ್ಟು ದೊಡ್ಡ ಹೊಳೆ ಮಾಡಿದೀರೇ ನೀವಿಬ್ರೂ." ಅಮ್ಮ ಹುಟ್ಟನ್ನು ಗೋಡೆಗೆ ಒರಗಿಸಿದಳು. "ನಾಳೆನೂ ಸಿಗ್ದೇ ಹೋದ್ರೆ?"

"ಕಾಯ್ತೀನಿ."

"ನಾಡಿದ್ದು?"

"ಕಾಯ್ತೀನಮ್ಮ."

ಅಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನಾ! ಒಂಬತ್ತು ತಿಂಗಳು ಹೊಟ್ಟೇಲಿ ಇರಕ್ಕಾಗ್ದೆ ಎಂಟಕ್ಕೇ ಕಿತ್ಕೊಂಡು ಬಂದವಳು, ನೀನು ಕಾಯ್ತೀಯಾ?" ಎಂದು ನಗಲು ಹೋದವಳಿಗೆ ನಗುವಿನ ನಡುವೆ ಕೆಮ್ಮು ಹತ್ತಿತು, ಕೆಮ್ಮಿನ ನಡುವೆ ಅಳು ಬಂತು. ಕೈ ಚಾಚಿ ಮಗಳ ತಲೆಯನ್ನು ಹಿಡಿದು ಮಡಿಲಿಗೆ ಎಳೆದುಕೊಂಡಳು. ಪಾದರಸ ನೆಲದ ಮೇಲೆ ಕುಸಿದು ಕೂತು, "ತಪ್ಪಾಯ್ತಮ್ಮ, ತಪ್ಪಾಯ್ತು" ಎಂದು ಬಿಕ್ಕಿದಳು.

ಹೊರಗಿನಿಂದ ಯಾರೋ ಬಾಗಿಲು ಬಡಿದು, ಜನ ಎದ್ದು ನಿಂತಿದ್ದಾರೆ, ಇಬ್ಬರೂ ಬೇಗ ಬರಬೇಕಂತೆ ಎಂದು ಕೂಗಿದರು. ಮತ್ತೆ ಬಡಿದರು. ಅಮ್ಮನ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ. ಅದು ಬರುವವರೆಗೆ ಪಾದರಸ ಅಲ್ಲಿಂದ ಏಳಲಿಲ್ಲ.